ನಾಲ್ಕು ಪಾಯಿಂಟ್ ಒಂದರ ಗೇರು, ನಿಧಾನದ ಕೈ

"ಇನ್ಮೇಲೆ ಸಿಗ್ನಲ್ ಬಿಟ್ಟ ಮೇಲೆ ನನ್ನ ಮುಂದೆ ಒಂದು ನೊಣ ಕೂಡ ಹಾರಬಾರದು!" ಎಂದು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು ಭಾನುವಾರ ಬೆಳಿಗ್ಗೆ ಘೋಷಿಸಿದರು.

"ಮನೆಯಿಂದ ಆಸ್ಪತ್ರೆಗೆ ಹತ್ತು ನಿಮಿಷ, ಅಲ್ಲಿಂದ ನಿಮ್ಮ ಕಚೇರಿಗೆ ಐದು ನಿಮಿಷ. ಇಷ್ಟರಲ್ಲಿ ಯಾರನ್ನ ಸೋಲಿಸ್ಬೇಕು ರೀ?" ಎಂದಳು ನರ್ಸ್ ಹೆಂಡತಿ.

ಇನ್ಸ್‌ಪೆಕ್ಟರು ಕಾರಿನ ಕೀಲಿ ಕೈಗೆತ್ತಿಕೊಂಡರು. ಮಹತ್ಕಾರ್ಯಕ್ಕೆ ಹೊರಟವರು ಇಂಥ ಸಣ್ಣಪುಟ್ಟ ಪ್ರಶ್ನೆಗಳಿಗೆಲ್ಲ ತಲೆ ಕೆಡಿಸಿಕೊಳ್ಳುತ್ತಾರೆಯೇ? ಅವರ ಕೆಂಪು ಕಾರು ಸೆಕೆಂಡ್ ಹ್ಯಾಂಡಾದರೂ ಎಂಜಿನ್ನು ಭರ್ಜರಿ. ಅದರ ಶಕ್ತಿಯೆಲ್ಲ ಹಿಂದಿನ ಚಕ್ರಗಳಿಗೆ ಹೋಗುವಾಗ ನಡುವೆ ಎಲ್ಲೋ ಸೋಮಾರಿಯಾಗುತ್ತಿದೆ ಎಂಬ ಗುಮಾನಿ ಅವರಿಗೆ ಹತ್ತಿತ್ತು. ಗುಮಾನಿಯನ್ನು ನೇರ ಗ್ಯಾರೇಜಿಗೆ ಒಯ್ದರು.

ಮೆಕ್ಯಾನಿಕ್ ಕಾರನ್ನು ಮೇಲೆತ್ತಿ, ಹಿಂದಿನ ಆಕ್ಸಲ್ಲಿನ ನಡುವೆ ಇರುವ ದುಂಡನೆಯ ಗುಬುಟನ್ನು ಬಡಿದು ತೋರಿಸಿದ. "ಇದರೊಳಗಿರೋ ಗೇರು ಸಾರ್, ಈಗ ಮೂರು ಪಾಯಿಂಟ್ ಮೂರು. ಅಂದ್ರೆ ಎಂಜಿನ್ ಕಡೆಯಿಂದ ಬರೋ ಶಾಫ್ಟು ಮೂರು ಚಿಲ್ಲರೆ ಸುತ್ತು ತಿರುಗಿದ್ರೆ ಚಕ್ರ ಒಂದು ಸುತ್ತು. ನಂಬರ್ ಜಾಸ್ತಿ ಮಾಡಿದಷ್ಟೂ ಗಾಡಿ ಜಿಗಿಯುತ್ತೆ. ಆದ್ರೆ ಹೈವೇಲಿ ಎಂಜಿನ್ ಅರಚುತ್ತೆ, ಪೆಟ್ರೋಲೂ ಕುಡಿಯುತ್ತೆ. ದಿನಾ ಓಡಿಸೋ ಗಾಡಿ ತಾನೇ? ಮೂರು ಪಾಯಿಂಟ್ ಏಳು ಹಾಕ್ಸಿ, ಆರಾಮಾಗಿರಿ."

ಆರಾಮಾಗಿರುವುದು ಇನ್ಸ್‌ಪೆಕ್ಟರ ಜಾಯಮಾನದಲ್ಲೇ ಇರಲಿಲ್ಲ. ಎರಡು ವಾರ ಊಟದ ಮೇಜಿನ ತುಂಬ ಗ್ರಾಫ್ ಹಾಳೆ. ಮೂರೂವರೆಯೋ, ಮೂರು ಪಾಯಿಂಟ್ ಏಳೋ, ನಾಲ್ಕು ಪಾಯಿಂಟ್ ಒಂದೋ! ಮಗಳ ಮದುವೆಗೆ ವರ ಹುಡುಕಿದರೂ ಇಷ್ಟು ಜಾತಕ ನೋಡುತ್ತಿರಲಿಲ್ಲ. ಹೆಂಡತಿ ತನ್ನ ತಟ್ಟೆಯನ್ನು ಕಿಟಕಿಯ ಕಟ್ಟೆಗೆ ಸ್ಥಳಾಂತರಿಸಿದಳು. ಕೊನೆಗೆ ಹದಿನೈದನೆಯ ದಿನ ನಾಲ್ಕು ಪಾಯಿಂಟ್ ಒಂದು ಗೆದ್ದಿತು. ಮೆಕ್ಯಾನಿಕ್ಕಿನ ಬುದ್ಧಿವಾದ ಸೋತಿತು.

ಗಾಡಿ ಬಿಟ್ಟುಬಂದ ನಾಲ್ಕನೆಯ ದಿನ ವಾಪಸ್ ತರಲು ಹೋದಾಗ ಮೆಕ್ಯಾನಿಕ್ ಬೇರೊಂದು ಕಾರಿನಡಿ ಮಲಗಿದ್ದ. ಕಾಲು ಮಾತ್ರ ಕಾಣುತ್ತಿತ್ತು.

"ಸಾರ್, ಹೋಗೋಕ್ಮುಂಚೆ ಒಂದು ಮಾತು..."

"ಮಾತೆಲ್ಲ ಆಮೇಲಪ್ಪಾ! ಮೊದಲು ಗಾಡಿ ಮಾತಾಡ್ಲಿ!" ಎಂದು ಇನ್ಸ್‌ಪೆಕ್ಟರು ಭರ್ರೆಂದು ಹೊರಟೇಬಿಟ್ಟರು. ಅಬ್ಬಾ, ಏನು ಜಿಗಿತ! ಬೆನ್ನು ಸೀಟಿಗೆ ಅಂಟಿಕೊಂಡಿತು! ಎಂಜಿನ್ನಿನ ಸದ್ದು ಕೂಡ ಮೆಕ್ಯಾನಿಕ್ ಹೇಳಿದ ಹಾಗೇ ತುಸು ಜಾಸ್ತಿಯಾಗಿದೆ. ಪೆಟ್ರೋಲ್ ಮುಳ್ಳೂ ಬೇಗ ಇಳಿಯುತ್ತಿದೆ. ಇರಲಿ, ವೇಗ ಬೇಕೆಂದವರು ಇಷ್ಟೂ ಸಹಿಸದಿದ್ದರೆ ಹೇಗೆ ಎಂದುಕೊಂಡು ಸಿಗ್ನಲಿನಲ್ಲೇ ನಿಂತು ಅವನಿಗೆ 'ಗಾಡಿ ಸೂಪರ್!' ಎಂದು ಮೆಸೇಜು ಹಾಕಿದರು.

ಆ ಸಂಜೆಯೇ ಗೋದಾಮುಗಳ ಹಿಂದಿನ ಖಾಲಿ ರಸ್ತೆಯಲ್ಲಿ ಪರೀಕ್ಷೆ. ಸೊನ್ನೆಯಿಂದ ನೂರು ಕಿಲೋಮೀಟರ್ ವೇಗಕ್ಕೆ ಮೊದಲು ಏಳು ಪಾಯಿಂಟ್ ಎಂಟು ಸೆಕೆಂಡು ಹಿಡಿಯುತ್ತಿತ್ತು. ಹೆಂಡತಿ ಪಕ್ಕದಲ್ಲಿ ಕೂತು ಮೊಬೈಲಿನ ಸ್ಟಾಪ್‌ವಾಚ್ ಒತ್ತಿದಳು.

"ಏಳು ಪಾಯಿಂಟ್ ಎಂಟು."

"ಇನ್ನೊಂದ್ಸಲ!"

"ಏಳು ಪಾಯಿಂಟ್ ಎಂಟು."

"ಮತ್ತೆ!"

"ಈ ಸಲ ಏಳು ಪಾಯಿಂಟ್ ಒಂಬತ್ತು ರೀ."

"ನಿನ್ನ ಕೈ ನಿಧಾನ!" ಇನ್ಸ್‌ಪೆಕ್ಟರು ತೀರ್ಪು ಕೊಟ್ಟರು.

"ಇಪ್ಪತ್ತೆರಡು ವರ್ಷದಿಂದ ಗಡಿಯಾರ ನೋಡ್ಕೊಂಡು ನಾಡಿ ಎಣಿಸ್ತಿದ್ದೀನಿ. ಇವತ್ತಿನವರೆಗೂ ಯಾರೂ ಹಾಗಂದಿಲ್ಲ."

"ನಿನ್ನ ರೋಗಿಗಳು ಮಲಗಿರ್ತಾರೆ. ಇದು ಹಾರೋ ಗಾಡಿ!"

ಅಂಗಡಿಯವನು ಆಣೆ ಹಾಕಿ ಹೇಳಿದರೂ ತಾವೇ ತೂಗಿ ನೋಡದೆ ಒಪ್ಪದ ಪುಣ್ಯಾತ್ಮರು, ಇವತ್ತು ಕಣ್ಣೆದುರಿನ ಅಳತೆಯನ್ನು ಬಿಟ್ಟು ತಮ್ಮ ಬೆನ್ನಿನ ಮಾತು ನಂಬಿದರು. ನಂಬಿ ಸುಮ್ಮನಿದ್ದರೂ ಆಗುತ್ತಿತ್ತು. ಹೆಂಡತಿಯ ಆಸ್ಪತ್ರೆಯ ಔಷಧಿ ಅಂಗಡಿಯಲ್ಲೇ ಕೆಲಸ ಮಾಡುವ ಭಾವಮೈದನಿಗೆ ಫೋನ್ ಮಾಡಿ, "ಗಾಡಿ ರಾಕೆಟ್ ಕಣಯ್ಯಾ! ನಿಮ್ಮಕ್ಕ ಬಟನ್ ಒತ್ತೋಷ್ಟರಲ್ಲಿ ನೂರು ದಾಟಿರುತ್ತೆ. ಅವಳ ಕೈಯೇ ನಿಧಾನ!" ಎಂದು ನಕ್ಕರು. ಭಾವಮೈದ ಅದನ್ನು ಗಿರಾಕಿಗಳ ಮುಂದೆ ಹೇಳಿ ನಕ್ಕ. ಗಿರಾಕಿಗಳಲ್ಲಿ ಒಬ್ಬಳು ಅಕ್ಕನ ವಾರ್ಡಿನ ಆಯಾ.

ವಾರ ಕಳೆಯಿತು. ಒಂದು ಮಧ್ಯಾಹ್ನ ಹೆಂಡತಿ ಡ್ಯೂಟಿ ಮುಗಿಸಿ ಬಂದವಳು ಹೆಗಲಿನ ಬ್ಯಾಗನ್ನೂ ಇಳಿಸದೆ ಕುರ್ಚಿಯಲ್ಲಿ ಕೂತಳು.

"ಇವತ್ತು ಇನ್‌ಚಾರ್ಜ್ ಸಿಸ್ಟರ್, ನಾನು ಬರೆದ ನಾಡಿ ಲೆಕ್ಕನೆಲ್ಲ ಹೊಸ ಹುಡುಗಿ ಕೈಲಿ ಮತ್ತೆ ಎಣಿಸಿದ್ರು. ಎಲ್ಲರೆದುರಿಗೇ. 'ನಿಮ್ಮ ಕೈ ನಿಧಾನ ಅಂತ ನಿಮ್ಮ ಮನೆಯವರೇ ಹೇಳ್ತಾರಂತಲ್ಲ' ಅಂದ್ರು."

ಇನ್ಸ್‌ಪೆಕ್ಟರು ಕೈಯಲ್ಲಿದ್ದ ಪೇಪರು ಮಡಚಿಟ್ಟರು. "ನಾನು ತಮಾಷೆಗೆ ಅಂದಿದ್ದು..."

"ಹಾಗಾದ್ರೆ ಬಂದು ತಮಾಷೆ ಅಂತ ಹೇಳಿ."

ಅಲ್ಲಿಗೆ ಸೋಲೊಪ್ಪಿಕೊಂಡಿದ್ದರೆ ಅರ್ಧ ಮಾನವಾದರೂ ಉಳಿಯುತ್ತಿತ್ತು! "ಹೇಳ್ಬಹುದು, ಆದ್ರೆ ಗೇರು ಬದಲಾದ ಮೇಲೆ ಟೈಮು ಬದಲಾಗ್ಲೇಬೇಕಲ್ಲ? ಅವನನ್ನೇ ಕೇಳೋಣ ಇರು," ಎಂದು ಮೆಕ್ಯಾನಿಕ್ಕಿಗೆ ಫೋನ್ ಹಚ್ಚಿ, ಅವಳಿಗೂ ಕೇಳಲೆಂದು ಸ್ಪೀಕರ್ ಬೇರೆ ಹಾಕಿದರು.

"ಹೇಳಪ್ಪಾ, ನಾಲ್ಕು ಪಾಯಿಂಟ್ ಒಂದು ಹಾಕಿದ ಮೇಲೆ ಎಷ್ಟು ಸೆಕೆಂಡು ಕಮ್ಮಿ ಆಗ್ಬೇಕು?"

ಆ ಕಡೆ ಸ್ಪ್ಯಾನರ್ ಕೆಳಗಿಟ್ಟ ಸದ್ದು ಕೇಳಿತು.

"ಹಾಕಿದ್ರಲ್ವಾ ಸಾರ್ ಕಮ್ಮಿ ಆಗೋದು? ತರಿಸಿದ ಗೇರ್ ಸೆಟ್ಟು ಬೇರೆ ಗಾಡಿದು, ಕೂರ್ಲೇ ಇಲ್ಲ. ಹಳೇ ಗೇರನ್ನೇ ಮುಚ್ಚಿ, ಆಯಿಲ್ ಬದಲಾಯಿಸಿ ಕೊಟ್ಟೆ. ಅದನ್ನೇ ಹೇಳೋಕೆ ಬಂದೆ, ನೀವು ಹೊರಟೇ ಹೋದ್ರಿ. ಆಮೇಲೆ ಸೂಪರ್ ಅಂತ ಮೆಸೇಜು ಬಂತು. ಹೋಗ್ಲಿ, ಆಯಿಲಿಗೇ ಖುಷಿಯಾಗಿದ್ದಾರೆ ಅಂತ ಸುಮ್ಮನಾದೆ."

ನೆಲ ಬಾಯಿ ಬಿಡಬಾರದೇ ಎನ್ನಿಸಿತು ಇನ್ಸ್‌ಪೆಕ್ಟರಿಗೆ. ಹೆಂಡತಿ ಎದ್ದು ಕೈ ತೊಳೆಯಲು ಹೋದಳು. ಇಪ್ಪತ್ತೆರಡು ವರ್ಷ ದುಡಿದ ಆ ಕೈಗಳನ್ನು ನೋಡಿ ಅವರಿಗೆ ನಿಜಕ್ಕೂ ನಾಚಿಕೆಯಾಯಿತು. ಇಲ್ಲದ ಗೇರಿಗೋಸ್ಕರ ಅವಳ ಹೆಸರನ್ನು ಹಾಳು ಮಾಡಿದ್ದರು.

ಮರುದಿನ ಬೆಳಿಗ್ಗೆ ವಾರ್ಡಿನಲ್ಲಿ ಇನ್‌ಚಾರ್ಜ್ ಸಿಸ್ಟರ್, ಐವರು ನರ್ಸುಗಳು, ಆ ಆಯಾ, ಜೊತೆಗೆ ಎದ್ದು ಕೂರಬಲ್ಲ ರೋಗಿಗಳೆಲ್ಲರ ಎದುರು ಇನ್ಸ್‌ಪೆಕ್ಟರು ಕೈಕಟ್ಟಿ ನಿಂತರು.

"ಗೇರು ಬದಲಾಗೇ ಇರ್ಲಿಲ್ಲ ಸಿಸ್ಟರ್. ಇವಳ ಲೆಕ್ಕ ಮೂರು ಸಲವೂ ಸರಿ ಇತ್ತು. ನಿಧಾನ ಇದ್ದದ್ದು ಇವಳ ಕೈ ಅಲ್ಲ..."

"ಮತ್ತೇನು?"

"ನನ್ನ ಬುದ್ಧಿ."

ಮೂಲೆಯ ಹಾಸಿಗೆಯಿಂದ ಯಾರೋ ಕಿಸಕ್ಕೆಂದರು. ಇನ್ಸ್‌ಪೆಕ್ಟರು ಬೆವೆತದ್ದನ್ನು ಕಂಡು ಇನ್‌ಚಾರ್ಜ್ ಸಿಸ್ಟರ್ ಅವರನ್ನು ಸ್ಟೂಲಿನ ಮೇಲೆ ಕೂರಿಸಿ, "ಯಾಕೋ ಮುಖ ಬಿಳಿಚ್ಕೊಂಡಿದೆ, ನಾಡಿ ನೋಡಿ," ಎಂದರು. ಹೆಂಡತಿ ಗಂಡನ ಮಣಿಕಟ್ಟು ಹಿಡಿದು ಗಡಿಯಾರ ನೋಡಿದಳು.

"ನೂರ ಹದಿನೆಂಟು."

ಇನ್‌ಚಾರ್ಜ್ ಸಿಸ್ಟರ್ ಇನ್ನೊಂದು ಕೈ ಹಿಡಿದು ತಾವೇ ಒಂದು ನಿಮಿಷ ಎಣಿಸಿದರು.

"ನೂರ ಹದಿನೆಂಟು. ಕರೆಕ್ಟಾಗಿದೆ. ಆದ್ರೆ ಕೂತಲ್ಲೇ ಯಾಕಿಷ್ಟು ಜೋರಾಗಿ ಓಡ್ತಿದೆ?"

"ನಾಚಿಕೆಗೆ, ಸಿಸ್ಟರ್," ಎಂದಳು ಹೆಂಡತಿ, ಲೆಕ್ಕ ಬರೆದುಕೊಳ್ಳುತ್ತಾ. "ಈ ತಿಂಗಳಲ್ಲಿ ಇವರದ್ದು ಅಂತ ನಿಜವಾಗಿ ಸ್ಪೀಡಾಗಿದ್ದು ಇದೊಂದೇ."