ಹದಿಮೂರು ಮಂದಿಯ ವಶೀಲಿ

ಮದುವೆಯಾಗಿ ಹನ್ನೆರಡು ವರ್ಷಕ್ಕೆ ನನ್ನ ಕಂಪ್ಯೂಟರ್ ಡಿಗ್ರಿಗೆ ಅದೃಷ್ಟ ಖುಲಾಯಿಸಿತ್ತು! ಎಲ್ಲರಿಗೂ ತೆರೆದಿಟ್ಟ ಮುಕ್ತ ತಂತ್ರಾಂಶವೊಂದನ್ನು ಕಟ್ಟುವವರು, ಹೊಸಬರಿಗೆ ಸಂಬಳ ಕೊಟ್ಟು ಕೆಲಸ ಕಲಿಸುತ್ತಾರಂತೆ. ಮನೆಯಲ್ಲೇ ಕೂತು, ಪುರಸೊತ್ತಾದಾಗ ಮಾಡಬಹುದು. ಮುಂಡರಗಿಯಲ್ಲಿ ನನ್ನಷ್ಟು ಯೋಗ್ಯರು ಇನ್ನಾರಿದ್ದಾರೆ ಎಂದುಕೊಂಡು ಅರ್ಜಿ ಹಾಕಿದೆ.

ಪರೀಕ್ಷೆಗೆಂದು ಆ ತಂತ್ರಾಂಶದ ಒಂದು ಸಣ್ಣ ದೋಷವನ್ನು ತಿದ್ದಲು ಕೊಟ್ಟರು. ಕನ್ನಡದಲ್ಲಿ ಹೆಸರಿಟ್ಟ ಚಿತ್ರ ಉಳಿಯದೆ ಮಾಯವಾಗುತ್ತಿತ್ತು. ನಾಲ್ಕು ದಿನ ಒದ್ದಾಡಿ ಸರಿಪಡಿಸಿದೆ. ಕಲಿಸಬೇಕಾದ ಮೇಡಂ, "ನೋಡಿ ಹೇಳುತ್ತೇನೆ, ಎರಡು ದಿನ ತಡೆಯಿರಿ" ಎಂದು ಬರೆದರು. ತಡೆಯಬೇಕಿತ್ತು. ನನಗಿದ್ದದ್ದು ಅದೊಂದೇ ಕೆಲಸ!

"ಸುಮ್ನ ಕುಂತ್ರ ಯಾರ್ ಕೊಡ್ತಾರ? ವಶೀಲಿ ಹಚ್ಚಬೇಕು," ಎಂದರು ನಮ್ಮ ಯಜಮಾನರು.

"ಅಲ್ಲಿ ವಶೀಲಿ ನಡ್ಯಂಗಿಲ್ರಿ. ಎಲ್ಲಾ ಬಯಲಾಗ ಇರತೈತಿ. ನನ್ನ ಕೆಲಸದ ಕೆಳಗ ಯಾರ್ ಬೇಕಾದವ್ರು ಅಭಿಪ್ರಾಯ ಬರೀಬಹುದು."

"ಯಾರ್ ಬೇಕಾದವ್ರು? ಹಂಗಾರ ಹಿರೇವಡ್ಡಟ್ಟಿ ಕಾಕಾನ ಕಡಿಂದ ಒಂದ್ ಮಾತು ಬರಸೂಣು!"

ಕಾಕಾ ಎಂದರೆ ಆ ಊರಲ್ಲಿರುವ ಇವರ ಚಿಕ್ಕಪ್ಪ. ರೇಷನ್ ಕಾರ್ಡಿನಿಂದ ಹಿಡಿದು ಕನ್ಯೆ ಹುಡುಕುವವರೆಗೆ ಎಲ್ಲದಕ್ಕೂ "ಅಲ್ಲಿ ನಮ್ಮವ್ರು ಅದಾರ" ಎನ್ನುವವರು. ನನ್ನ ಆಸೆಗಿಷ್ಟು ಬೆಂಕಿ ಬೀಳಲಿ, ನನ್ನ ಲ್ಯಾಪ್‌ಟಾಪಿನಲ್ಲೇ ಅವರ ಹೆಸರಿನ ಖಾತೆ ತೆರೆದೆ. ಅವರು ಫೋನಿನಲ್ಲಿ ಹೇಳಿದರು, ನಾನು ಬರೆದೆ: "ಹುಡುಗಿ ನಮ್ಮಕಿ. ಭಾಳ ಶಾಣ್ಯಾಕಿ. ಹ್ಯಾಂಗರ ಮಾಡಿ ತಗೋರಿ."

ಕಾಕಾನನ್ನು ಕೇಳಿ ಹಮ್ಮಿಗಿಯ ಸೋದರತ್ತೆಯನ್ನು ಬಿಡಲಾದೀತೇ? ಅರಿಷಿಣ-ಕುಂಕುಮ ಕೊಡುವಾಗ ತಮ್ಮನ್ನು ಮರೆತರೆಂದು ಮದುವೆ ಊಟ ಬಿಟ್ಟು ಬಸ್ಸು ಹತ್ತಿದವರು ಅವರು! ಅವರದೂ ಆಯಿತು: "ರೊಟ್ಟಿ ಭಾಳ ತೆಳ್ಳಗ ಬಡೀತಾಳ್ರಿ." ಆಮೇಲೆ ಗದಗಿನ ಬೀಗರು, ಶಿರಹಟ್ಟಿಯ ನಾದಿನಿ, ಆಕೆಯ ಮೈದುನ... ಸಂಜೆಯೊಳಗೆ ಹದಿಮೂರು ಮಂದಿ. ಲ್ಯಾಪ್‌ಟಾಪು ಮಾತ್ರ ಒಂದೇ!

ಮರುದಿನ ಮೇಡಂ ಪತ್ರ ಬಂತು. "ನಿಮ್ಮ ತಿದ್ದುಪಡಿ ಚೆನ್ನಾಗಿತ್ತು. ನಿಮ್ಮನ್ನೇ ಆರಿಸಿದ್ದೆವು. ಆದರೆ ಒಂದೇ ಕಂಪ್ಯೂಟರಿನಿಂದ ಹದಿಮೂರು ಸುಳ್ಳು ಹೆಸರುಗಳಲ್ಲಿ ನಿಮ್ಮನ್ನು ನೀವೇ ಹೊಗಳಿಕೊಂಡಿದ್ದೀರಿ. ಅರ್ಜಿ ರದ್ದಾಗಿದೆ."

ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಇಷ್ಟು ವರ್ಷಕ್ಕೆ ನನ್ನ ಸ್ವಂತ ಹೆಸರಿಗೆ ಬಂದಿದ್ದ ಒಂದೇ ಒಂದು ಕೆಲಸ, ಕೈಯಾರೆ ಹಾಳು ಮಾಡಿಕೊಂಡೆ. ಸಮಾಧಾನ ಮಾಡಲು ಬಂದ ಯಜಮಾನರನ್ನು ಲಟ್ಟಣಿಗೆ ತೋರಿಸಿ ಓಡಿಸಿದೆ.

ಅಷ್ಟರಲ್ಲಿ, ಇವರಿಂದ ಸುದ್ದಿ ಮುಟ್ಟಿ, ಕಾಕಾನ ಫೋನು. "ಅಳಬ್ಯಾಡವಾ. ರದ್ದಾಗಿದ್ದನ್ನ ಮತ್ತ ಸರಿ ಮಾಡಸಾಕ ಅಲ್ಲೂ ನಮ್ಮವ್ರು ಒಬ್ರು ಅದಾರ."

ಕಣ್ಣೊರೆಸಿಕೊಂಡೆ. ಪೆನ್ನು ಹುಡುಕಿದೆ.

"ಖರೇನ್ರಿ ಕಾಕಾರ? ನಂಬರ್ ಹೇಳ್ರಿ, ಬರ್ಕೋತೀನಿ."