ಬರಿ ದೋಣಿಯ ತೆಪ್ಪೋತ್ಸವ

ಸಾವಾದ ಮನೆಗೆ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಒಂದು ಚೀಲ ಬಾಳೆಹಣ್ಣು ತರುತ್ತಾರೆ, ಅದಕ್ಕಿಂತ ಭಾರದ ಒಂದು ಚೀಲ ನಿಯಮ ತರುತ್ತಾರೆ. ಬಾಳೆಹಣ್ಣನ್ನು ಹೇಗೋ ತಿಂದು ಮುಗಿಸಬಹುದು.

ನನ್ನ ಹೆಂಡತಿ ವಿಮಲಾ ತೀರಿಕೊಂಡಾಗ ನಾವು ದೋಹಾದ ಮದೀನತ್ ಖಲೀಫಾ ಬಡಾವಣೆಯಲ್ಲಿದ್ದೆವು. ಪಕ್ಕದ ಮನೆಯಲ್ಲಿ ಗ್ಯಾಸ್ ಯೋಜನೆಯ ಎಂಜಿನಿಯರ್, ಜಪಾನಿನ ತನಾಕಾ. ಅವರ ಊರಿನ ಶಿಂಟೊ ಗುಡಿಯಲ್ಲಿ ಪ್ರತಿ ಬೇಸಿಗೆ ದೇವರನ್ನು ಪಲ್ಲಕ್ಕಿ ಸಮೇತ ದೋಣಿಗೆ ಹತ್ತಿಸಿ ಸಮುದ್ರದಲ್ಲಿ ಮೆರೆಸುತ್ತಾರಂತೆ. ಅದರ ವಿಡಿಯೊ ಕ್ಯಾಸೆಟ್ ಹಾಕಿ ತೋರಿಸಿದಾಗ ವಿಮಲಾ, "ರೀ, ಇದು ನಮ್ಮ ತೆಪ್ಪೋತ್ಸವ ಕಣ್ರೀ!" ಎಂದು ಕೂಗಿಯೇಬಿಟ್ಟಳು. ಊರಿಗೆ ಹೋಗಲಾಗದ ಬೇಸರಕ್ಕೆ ತನಾಕಾ ಪ್ಲೈವುಡ್ಡಿನಲ್ಲಿ ಮಂಚದುದ್ದದ ದೋಣಿಯೊಂದನ್ನು ಮಾಡತೊಡಗಿದರು. ವಿಮಲಾ ತನ್ನದೊಂದು ರೇಷ್ಮೆ ಸೀರೆ ಕತ್ತರಿಸಿ ಅದಕ್ಕೆ ಮೇಲ್ಕಟ್ಟು ಹೊಲಿದಳು. ನೋಡಿದರೆ, ನಾನು ಆರಿಸಿ ತಂದಿದ್ದ ಏಕೈಕ ಸೀರೆ ಅದು. ದೋಣಿ ನೀರಿಗಿಳಿಯುವ ಮೊದಲೇ ಅವಳು ಹೋದಳು.

ಬೇಸಿಗೆ ಬಂತು. ಅವಳ ಮೇಲ್ಕಟ್ಟು ಹೊತ್ತ ದೋಣಿಯನ್ನು ನಾನೇ ನೀರಿಗಿಳಿಸಬೇಕೆಂದು ಹಟ ಹಿಡಿದೆ. ಸುದ್ದಿ ತಿಳಿದು ನಮ್ಮ ಆಫೀಸಿನ ಹಿರಿಯರು ಶ್ರೀಪತಿರಾಯರು ಓಡಿಬಂದರು.

"ವರ್ಷ ತುಂಬೋವರೆಗೂ ಹಬ್ಬ ಇಲ್ಲ ಕಣಯ್ಯ. ದೇವರ ಕೆಲಸಕ್ಕೆ ಕೈ ಹಾಕಬೇಡ. ಖಲಾಸ್!"

"ಅದು ನಮ್ಮ ದೇವರ ಕಾನೂನು ರಾಯರೇ. ಜಪಾನಿನ ದೇವರಿಗೆ ಇದೆಲ್ಲ ಎಲ್ಲಿ ಗೊತ್ತು?"

ಗೊತ್ತಿತ್ತು. ಶುಕ್ರವಾರ ಸಂಜೆ ಕಡಲತೀರದಲ್ಲಿ ತನಾಕಾ ತಲೆ ತಗ್ಗಿಸಿ, ಮನೆಯಲ್ಲಿ ಸಾವಾದವರು ತಮ್ಮಲ್ಲೂ ಗುಡಿಗೆ ಹೋಗುವುದಿಲ್ಲ, ಪಲ್ಲಕ್ಕಿ ಮುಟ್ಟುವುದಿಲ್ಲ ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ತಿಳಿಸಿದರು. ನನ್ನನ್ನು ತಡೆಯಲೆಂದೇ ಬಂದಿದ್ದ ರಾಯರ ಮುಖ ಅರಳಿತು. ಅಷ್ಟು ದೂರದ ದೇವರೂ ಅವರ ಪಕ್ಷ ಸೇರಿದ್ದ.

ನಾನು ಬಿಡಲಿಲ್ಲ. "ತನಾಕಾ ಸಾನ್, ಈ ದೋಣಿಯಲ್ಲಿ ದೇವರಿದ್ದಾರಾ?"

"ಇಲ್ಲ. ದೇವರು ಊರಲ್ಲಿ. ಇದು ಬರಿ ದೋಣಿ."

"ಬರಿ ದೋಣಿ ಹೊರೋದಕ್ಕೆ ನನಗೇನು ಅಡ್ಡಿ? ಯಲ್ಲಾ, ನಡೀರಿ, ಎತ್ತಿ!"

ತನಾಕಾ ಸ್ವಲ್ಪ ಯೋಚಿಸಿ ಮುಂಭಾಗ ಎತ್ತಿದರು, ನಾನು ಹಿಂಭಾಗ. ಅವರ ಊರಿನಲ್ಲಿ ಪಲ್ಲಕ್ಕಿ ಹೊರುವವರು ಕೂಗುವಂತೆ "ವಾಶ್ಶೋಯ್, ವಾಶ್ಶೋಯ್" ಎನ್ನುತ್ತ ನಡೆದೆವು. ಇಲ್ಲಿನ ಕಡಲು ಎಷ್ಟು ನಡೆದರೂ ಮೊಣಕಾಲು ದಾಟುವುದಿಲ್ಲ. ಸಾಕಾಗಿ ತೇಲಿಬಿಟ್ಟೆವು. ಗಾಳಿ ಬೀಸಿತು, ದೋಣಿ ಗಿರ್ರನೆ ತಿರುಗಿ ನನ್ನ ಕಾಲಿಗೇ ಬಂದು ಬಡಿಯಿತು.

"ನೋಡಯ್ಯ, ಒಪ್ಪಲಿಲ್ಲ!" ಎಂದು ರಾಯರು ದಡದಿಂದ ಕೂಗಿದರು.

"ಒಪ್ಪದಿದ್ರೆ ಮುಳುಗಬೇಕಿತ್ತು ರಾಯರೇ! ತೆಪ್ಪ ಒಂದೇ ಸುತ್ತಿಗೆ ನಿಲ್ಲುತ್ತಾ?"

ಮತ್ತೆ ತಳ್ಳಿದೆ. ಮತ್ತೆ ಬಂತು. ಮತ್ತೆ ತಳ್ಳಿದೆ. ಕೊನೆಗೆ ರಾಯರೇ, "ಸರಿಯಪ್ಪ, ನೀನೇ ಗೆದ್ದೆ, ಮೇಲೆ ಬಾ" ಎಂದರು.

ಮದುವೆಯಾದಂದಿನಿಂದ ನಾನು ಒಂದು ವಾದವನ್ನೂ ಗೆದ್ದವನಲ್ಲ. ಒದ್ದೆ ಪ್ಯಾಂಟಿನಲ್ಲೇ ಮನೆಗೆ ಧಾವಿಸಿದೆ, ಅವಳಿಗೆ ಹೇಳಲು. ಬೀಗ ತೆಗೆಯುವಾಗ ನೆನಪಾಯಿತು. ಆದರೂ ಒಳಗೆ ಹೋಗಿ ಗಟ್ಟಿಯಾಗಿಯೇ ಹೇಳಿದೆ. ಎದುರು ಮಾತು ಬರಲಿಲ್ಲ. ಅದನ್ನೂ ಗೆಲುವೆಂದು ತಿಳಿಯುವಷ್ಟು ದಡ್ಡ ನಾನಲ್ಲ.