ಡಡ್ಲಿ ಬಲು ಕ್ವಾಯಟ್!

ಹೋರಿಗೆ ಹೆದರುವ ಗಂಡಸು ನಾನಲ್ಲ ಎಂದು ಶುಕ್ರವಾರ ಮಾವನ ಫಾರ್ಮಿನಲ್ಲಿ ಊಟದ ಮೇಜಿನ ಮುಂದೆ ಘೋಷಿಸಿಬಿಟ್ಟೆ! ರೋಸ್ಟ್ ಕತ್ತರಿಸುತ್ತಿದ್ದ ಮಾವ ಕ್ಲಾರಿ ಚಾಕು ನಿಲ್ಲಿಸಿ ನನ್ನನ್ನು ನೋಡಿದರು. ಬ್ರಿಸ್ಬೇನಿನಲ್ಲಿ ಕನ್ನಡಕ ಮಾರುವವನನ್ನು ಮಗಳು ಕಟ್ಟಿಕೊಂಡ ದಿನದಿಂದ ಅವರು ನನ್ನನ್ನು ಗಂಡಸೆಂದು ಲೆಕ್ಕಕ್ಕೆ ಹಿಡಿದವರೇ ಅಲ್ಲ. ಅದನ್ನು ಈ ಸಲ ಸರಿಮಾಡಲೇಬೇಕಿತ್ತು.

“ನಾಳೆ ಓಕೀಫ್ ನಮ್ಮ ಡಡ್ಲೀನ ಕೊಳ್ಳೋಕೆ ಬರ್ತಾನೆ. ನಾನೂ ಜನೈನೂ ಹೋಗಿ ಅವನನ್ನ ಕರ್ಕೊಂಡ್ ಬರ್ತೀವಿ. ಅಷ್ಟರಲ್ಲಿ ಹೋರೀನ ದೊಡ್ಡಿಗೆ ಸೇರಿಸ್ತೀಯಾ? ಆಗಲ್ಲ ಅಂದ್ರೆ ಈಗ್ಲೇ ಹೇಳು, ಪಕ್ಕದ ಫಾರ್ಮಿನ ಅಜ್ಜೀನ ಕರೀತೀನಿ.”

“ಅದ್ಯಾವ ಮಹಾ ಕೆಲಸ ಮಾವ! ನನಗೆ ಬಿಡಿ!”

“ಭಯ ಬೀಳ್ಬೇಡ ರಸೆಲ್. ಡಡ್ಲಿ ಬಲು ಕ್ವಾಯಟ್,” ಎಂದಳು ನನ್ನಾಕೆ ಜನೈನ್. ಅವನಿಗೆ ಬಾಟಲಿ ಹಾಲು ಕುಡಿಸಿ ಬೆಳೆಸಿದವಳು ಅವಳೇ.

ಕ್ವಾಯಟ್! ಈ ಒಂದು ಗುಣವಾಚಕದ ಮಹಿಮೆಯೇ ಮಹಿಮೆ. ಶಾಲೆಯಲ್ಲಿ ನಾನು ಕಲಿತ ಅರ್ಥ, ಬಾಯಿ ಮುಚ್ಚಿಕೊಂಡು ಕೂರುವುದು. ‘ಕ್ವಾಯಟ್ಟಾಗಿ ಒಂದು ಬಿಯರ್ ಹಾಕೋಣ’ ಎಂದವನನ್ನು ಕೊನೆಗೆ ಇಬ್ಬರು ಹಿಡಿದು ಮನೆಗೆ ತರಬೇಕು. ‘ಕ್ವಾಯಟ್ ಊರು’ ಎಂದರೆ ಬ್ಯಾಂಕೂ ಮುಚ್ಚಿದೆ, ಬೇಕರಿಯೂ ಮುಚ್ಚಿದೆ. ಆದರೆ ಕ್ವೀನ್ಸ್‌ಲೆಂಡಿನ ಹೋರಿಗೆ ಅದು ಪಟ್ಟಾಭಿಷೇಕ: ಸಾಧು ಪ್ರಾಣಿ, ಹಾಯುವುದಿಲ್ಲ, ಒದೆಯುವುದಿಲ್ಲ. ನಂಬಿದೆ. ಕ್ವಾಯಟ್ ಹೋರಿ ಮನುಷ್ಯರಿಗೆ ಹೆದರುವುದೂ ಇಲ್ಲ ಎಂದು ಯಾರೂ ಬಿಡಿಸಿ ಹೇಳಲಿಲ್ಲ!

ಬೆಳಗ್ಗೆ ಅವರ ಗಾಡಿ ಮರೆಯಾದ ಮೇಲೆ ತಿಂಡಿಯನ್ನೂ ತಿನ್ನದೆ ಹುಲ್ಲುಗಾವಲಿಗಿಳಿದೆ. ಡಡ್ಲಿ ತಲೆ ಎತ್ತಿದ. ನಾನು ಟೋಪಿ ಬೀಸಿ “ಹೋಯ್! ನಡೀ!” ಎಂದು ಗರ್ಜಿಸಿದೆ. ಮನುಷ್ಯರನ್ನು ಕಾಣದ ದನವಾಗಿದ್ದರೆ ಬಾಲ ಎತ್ತಿ ಓಡುತ್ತಿತ್ತು. ಇವನು ಓಡಿದ, ಆದರೆ ನನ್ನ ಕಡೆಗೆ!

ನಾನು ಓಡಿದೆ. ಅವನಿಗೆ ಇನ್ನೂ ಖುಷಿಯಾಯಿತು. ಟೋಪಿ ಬಿತ್ತು, ಒಂದು ಬೂಟು ಬಿತ್ತು, ಮರ್ಯಾದೆ ಅದಕ್ಕೂ ಮೊದಲೇ ಬಿದ್ದಿತ್ತು. ಹಿತ್ತಲಿನ ತಗಡಿನ ಕಕ್ಕಸು ಕಂಡಿತು. ನುಗ್ಗಿ ಚಿಲಕ ಹಾಕಿದೆ.

ಹೊರಗೆ ಬುಸ್ ಬುಸ್ ಉಸಿರು. ಆಮೇಲೆ ಇಡೀ ಕಕ್ಕಸು ಅಲ್ಲಾಡತೊಡಗಿತು! ಕೂರೋಣವೆಂದರೆ ಪೀಠದ ಕೆಳಗೆ ಕೆಂಪು ಬೆನ್ನಿನ ವಿಷದ ಜೇಡ ಬಲೆ ಕಟ್ಟಿಕೊಂಡು ಕಾಯುತ್ತಿತ್ತು. ನಿಲ್ಲೋಣವೆಂದರೆ ಕಾಲಡಿಯ ಹಲಗೆಯೇ ನಿಲ್ಲುತ್ತಿರಲಿಲ್ಲ. ನಿಜ ಹೇಳುತ್ತೇನೆ, ಅಷ್ಟು ಭಯ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಹೆಂಡತಿಗೆ ಫೋನ್ ಮಾಡಿದೆ.

“ಎಲ್ಲಿದ್ದೀಯಾ?”

“ಕಕ್ಕಸಿನಲ್ಲಿ!”

“ಡಡ್ಲಿ?”

“ಕಕ್ಕಸಿನ ಮೇಲೆ! ಬೇಗ ಬಾ ಜನೈನ್, ನಾನು ಸತ್ತೆ!”

“ಅಯ್ಯೋ, ಮೈ ತುರಿಸ್ಕೊಳ್ತಿದ್ದಾನೆ ಕಣೋ! ಹೊರಗೆ ಬಂದು ಕಿವಿ ಹಿಂದೆ ಕೆರಿ, ಸುಮ್ಮನಾಗ್ತಾನೆ.”

“ಯಾರ ಕಿವಿ? ಕಿವಿಯ ಮುಂದೆ ಕೊಂಬಿದೆ ಮಾರಾಯ್ತಿ!”

ಫೋನಿನಲ್ಲಿ ಅವಳ ಹಿಂದಿನಿಂದ ಮಾವನ ದನಿ ಕೇಳಿಸಿತು: “ದೊಡ್ಡಿಗೆ ಸೇರಿಸಿದ್ನಾ, ಕೇಳು.”

“ಸೇರಿದ್ದಾನೆ ಅಪ್ಪಾ,” ಎಂದಳು ಜನೈನ್. “ಡಡ್ಲಿ ಅಲ್ಲ. ಇವನು.”

ಗಾಡಿಯ ಸದ್ದು ಕೇಳುವ ಹೊತ್ತಿಗೆ ತಗಡಿನ ಗೋಡೆ ಒಂದು ಕಡೆ ವಾಲಿತ್ತು. ಆ ಸಂದಿಯಿಂದ ಇಣುಕಿದೆ. ಜನೈನ್ ಒಂದು ತುಂಡು ಬ್ರೆಡ್ ಹಿಡಿದು “ಬಾ ಚಿನ್ನಾ” ಎಂದಳು. ಅಷ್ಟೇ! ನನ್ನ ಯಮಧರ್ಮರಾಯನ ಆ ವಾಹನ ಕರುವಿನ ಹಾಗೆ ಅವಳ ಹಿಂದೆ ಹೋಗಿ ದೊಡ್ಡಿ ಸೇರಿತು.

“ನಿಜವಾಗ್ಲೂ ಕ್ವಾಯಟ್ಟಾ?” ಎಂದ ಓಕೀಫ್.

“ನೀನೇ ನೋಡಿದ್ಯಲ್ಲ!” ಎಂದರು ಮಾವ. “ಬೆಳಗ್ಗೆಯಿಂದ ನಮ್ಮ ಅಳಿಯನ್ನ ಕಾಯ್ಕೊಂಡಿದ್ದಾನೆ. ಒಂದು ಗಾಯ ಇದ್ಯಾ?”

ಅಲ್ಲೇ ವ್ಯಾಪಾರ ಕುದುರಿತು. ಡಡ್ಲಿ ಲಾರಿ ಹತ್ತಿದಾಗ ಜನೈನ್ ಗೊಳೋ ಎಂದು ಅತ್ತಳು. ಒಂಟಿ ಬೂಟಿನಲ್ಲಿ ಕುಂಟುತ್ತಾ ಹೋಗಿ ಅವಳ ಪಕ್ಕ ನಿಂತೆ.

ಮಾವ ಮಗಳ ಬೆನ್ನು ತಟ್ಟಿದರು. “ಅಳಬೇಡ ಮಗಳೇ. ಇನ್ನೊಬ್ಬ ಇದ್ದಾನಲ್ಲ! ಇವನಂತೂ ಇನ್ನೂ ಕ್ವಾಯಟ್ಟು. ಚಿಲಕಾನೂ ತಾನೇ ಹಾಕ್ಕೋತಾನೆ.”

ನಾನು ಎದೆಯುಬ್ಬಿಸಿ ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ಜನೈನ್ ಕಣ್ಣೊರೆಸಿಕೊಂಡು, ಕೈಯಲ್ಲಿ ಉಳಿದಿದ್ದ ಬ್ರೆಡ್ ಚೂರನ್ನು ನನ್ನ ಕಡೆ ಚಾಚಿದಳು.

ಬೆಳಗ್ಗೆಯಿಂದ ಹೊಟ್ಟೆಗೇನೂ ಬಿದ್ದಿರಲಿಲ್ಲ. ತಿಂದೆ!